‘ಡಿಸೆಂಡ್’ ಮತ್ತು ‘ಡಿಸೆಂಟ್’: ಎಲ್ಲ ಕಡೆಯೂ ‘ಇಳಿ’ ಎಂದು ಬರೆದರೆ ಸಾಕೇ?

ಅನುವಾದಕಿ

ವಿಜ್ಞಾನಕ್ಕೂ ಇತಿಹಾಸಕ್ಕೂ ಸಂಬಂಧಿಸಿದ ಕೆಲವು ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವುಗಳಲ್ಲಿ ‘ಡಿಸೆಂಡ್’ ಎಂಬ ಕ್ರಿಯಾಪದವೂ ‘ಡಿಸೆಂಟ್’ ಎಂಬ ಅದರ ನಾಮಪದವೂ ಮತ್ತೆ ಮತ್ತೆ ಎದುರಾಗುತ್ತವೆ. ಪರ್ವತಾರೋಹಿಗಳು ಶಿಖರದಿಂದ ಡಿಸೆಂಡ್ ಆಗುತ್ತಾರೆ. ಒಂದು ರಾಜಮನೆತನ ಯಾವನೋ ಸೇನಾಪತಿಯಿಂದ ಡಿಸೆಂಡ್ ಆಗಿದೆ. ಪಟ್ಟಣದ ಮೇಲೆ ಮೌನ ಡಿಸೆಂಡ್ ಆಗುತ್ತದೆ. ಕೊನೆಗೆ ಶತ್ರುಸೈನ್ಯವೂ ಅದೇ ಪಟ್ಟಣದ ಮೇಲೆ ಡಿಸೆಂಡ್ ಆಗುತ್ತದೆ. ನನ್ನ ಬಳಿ ಇರುವ ನಿಘಂಟು ‘ಇಳಿ, ಇಳಿತ, ವಂಶ, ಹುಟ್ಟು, ಮುತ್ತಿಗೆ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಈ ಅರ್ಥಗಳೆಲ್ಲ ಒಂದು ಪದದೊಳಗೆ ಹೇಗೆ ಕೂಡಿಬಂದವು, ಎಲ್ಲಿ ‘ಇಳಿ’ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ನಿಘಂಟುಪ್ರಿಯ

ಪದದ ಹುಟ್ಟನ್ನು ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಲ್ಯಾಟಿನ್ ಭಾಷೆಯ ‘ಡೆ’ ಎಂಬ ಉಪಸರ್ಗಕ್ಕೆ ‘ಕೆಳಕ್ಕೆ’ ಎಂದೂ ‘ಸ್ಕಂಡೆರೆ’ ಎಂಬ ಧಾತುವಿಗೆ ‘ಹತ್ತು’ ಎಂದೂ ಅರ್ಥ. ಇವೆರಡೂ ಸೇರಿ ಆದ ‘ಡೆಸ್ಕೆಂಡೆರೆ’ ಹಳೆಯ ಫ್ರೆಂಚಿನ ಮೂಲಕ ಮಧ್ಯಕಾಲೀನ ಇಂಗ್ಲಿಷಿಗೆ ಬಂತು. ‘ಅಸೆಂಡ್’, ‘ಟ್ರಾನ್ಸೆಂಡ್’, ‘ಕಾಂಡಿಸೆಂಡ್’ ಇವೆಲ್ಲ ಅದೇ ಧಾತುವಿನ ಮಕ್ಕಳು. ಇಂದು ಆಸ್ಪತ್ರೆಯಲ್ಲಿ ಕೇಳಿಬರುವ ‘ಸ್ಕ್ಯಾನ್’ ಕೂಡ ಮೂಲದಲ್ಲಿ ಪದ್ಯದ ಗಣಗಳನ್ನು ಹೆಜ್ಜೆ ಹೆಜ್ಜೆಯಾಗಿ ಎಣಿಸುವುದಕ್ಕೆ ಬಳಕೆಯಾದ, ಅದೇ ಧಾತುವಿನ ಪದ. ಅಂದರೆ ‘ಡಿಸೆಂಡ್’ನ ಬುಡದಲ್ಲಿರುವುದು ಬೀಳುವ ಚಿತ್ರವಲ್ಲ. ಮೆಟ್ಟಿಲಿನ ಮೇಲೆ ಕಾಲಿಟ್ಟು, ಒಂದು ದಾರಿಯನ್ನು ಹಿಡಿದು, ಮೇಲಿನ ನೆಲೆಯಿಂದ ಕೆಳಗಿನ ನೆಲೆಗೆ ಬರುವ ಚಿತ್ರ.

ಈ ಒಂದು ಅಂಶವನ್ನು ಹಿಡಿದುಕೊಂಡರೆ ಅದರ ನೆರೆಹೊರೆಯ ಪದಗಳಿಂದ ಅದನ್ನು ಬೇರ್ಪಡಿಸುವುದು ಸುಲಭ. 1865ರ ಜುಲೈ 14ರಂದು ಆಲ್ಪ್ಸ್ ಪರ್ವತಶ್ರೇಣಿಯ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏಳು ಮಂದಿ ಏರಿದರು. ಮರಳುವ ದಾರಿಯಲ್ಲಿ ನಾಲ್ವರು ಬಿದ್ದು ಸತ್ತರು. ಇಂಗ್ಲಿಷಿನಲ್ಲಿ ಬರೆಯುವವರು ಈ ದುರಂತ ‘ಡಿಸೆಂಟ್’ ಸಮಯದಲ್ಲಿ ಸಂಭವಿಸಿತು ಎನ್ನುತ್ತಾರೆ, ಆದರೆ ಆ ನಾಲ್ವರು ಡಿಸೆಂಡ್ ಆದರು ಎಂದು ಯಾರೂ ಬರೆಯುವುದಿಲ್ಲ. ಅವರ ಪಾಲಿಗೆ ಸಲ್ಲುವ ಕ್ರಿಯಾಪದ ‘ಫಾಲ್’. ನೀರಿನ ವಿಷಯದಲ್ಲೂ ಹೀಗೆಯೇ. ಒಡೆದ ಹಡಗು ‘ಸಿಂಕ್’ ಆಗುತ್ತದೆ. 1960ರ ಜನವರಿ 23ರಂದು ಝಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಕುಳಿತಿದ್ದ ‘ಟ್ರಿಯೆಸ್ಟ್’ ನೌಕೆ ಸುಮಾರು 5 ಗಂಟೆ ತೆಗೆದುಕೊಂಡು ಪೆಸಿಫಿಕ್ ಸಾಗರದ ಅತ್ಯಂತ ಆಳದ ತಳವನ್ನು ಮುಟ್ಟಿದಾಗ ಅದು ಮುಳುಗಲಿಲ್ಲ, ‘ಡಿಸೆಂಡ್’ ಆಯಿತು.

ಕನ್ನಡದ ‘ಇಳಿ’ ಇದಕ್ಕಿಂತ ಬಹಳ ವಿಶಾಲ. ಜ್ವರ ಇಳಿಯುತ್ತದೆ, ಬೆಲೆ ಇಳಿಯುತ್ತದೆ, ಅಮಲು ಇಳಿಯುತ್ತದೆ, ಮುಖ ಇಳಿಯುತ್ತದೆ, ತೂಕ ಇಳಿಯುತ್ತದೆ, ಬಸ್ಸಿನಿಂದ ಜನ ಇಳಿಯುತ್ತಾರೆ. ಇವುಗಳಲ್ಲಿ ಒಂದಕ್ಕೂ ‘ಡಿಸೆಂಡ್’ ಸಹಜವಾಗಿ ಹೊಂದುವುದಿಲ್ಲ. ಜ್ವರ ‘ಕಮ್ ಡೌನ್’ ಆಗುತ್ತದೆ, ಬೆಲೆ ‘ಫಾಲ್’ ಅಥವಾ ‘ಡ್ರಾಪ್’ ಆಗುತ್ತದೆ, ಬಸ್ಸಿನಿಂದ ‘ಗೆಟ್ ಆಫ್’ ಆಗುತ್ತಾರೆ. ಬಸ್ಸಿನ ಮೆಟ್ಟಿಲುಗಳನ್ನು ಒಬ್ಬ ವೃದ್ಧ ನಿಧಾನವಾಗಿ ಇಳಿಯುವುದನ್ನೇ ವರ್ಣಿಸುತ್ತಿದ್ದರೆ ಮಾತ್ರ ‘ಡಿಸೆಂಡ್’ ಬರಬಹುದು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಎಡವುವುದು ಇಲ್ಲಿಯೇ. ನಿಮ್ಮ ಕೆಲಸ ಅದಕ್ಕೆ ತಿರುವುಮುರುವಾದದ್ದರಿಂದ ಈ ಅಪಾಯ ನಿಮಗೆ ಕಡಿಮೆ.

ಇಂಗ್ಲಿಷ್ ಮೇಷ್ಟ್ರು

ಮೇಲಿನ ವಿವರಣೆಗೆ ವ್ಯಾಕರಣದ ಎರಡು ಮಾತು ಸೇರಿಸುತ್ತೇನೆ. ಈ ಕ್ರಿಯಾಪದವು ಸಕರ್ಮಕವೂ ಹೌದು, ಅಕರ್ಮಕವೂ ಹೌದು. ಮೆಟ್ಟಿಲುಗಳನ್ನು ನೇರ ಕರ್ಮವಾಗಿ ಇಟ್ಟು ‘ಡಿಸೆಂಡ್ ದ ಸ್ಟೇರ್ಸ್’ ಎನ್ನಬಹುದು. ಕರ್ಮವಿಲ್ಲದೆ ‘ದ ಬಲೂನ್ ಡಿಸೆಂಡೆಡ್’ ಎಂದೂ ಹೇಳಬಹುದು. ಕೆಳಕ್ಕೆ ಎಂಬ ಅರ್ಥ ಪದದೊಳಗೇ ಇರುವುದರಿಂದ ಅದರ ಮುಂದೆ ‘ಡೌನ್’ ಸೇರಿಸುವುದು ಪುನರುಕ್ತಿ. ಆದರೆ ಕನ್ನಡದಲ್ಲಿ ‘ಕೆಳಗಿಳಿ’ ಎನ್ನುವುದು ದೋಷವಲ್ಲ, ಹಾಗೆಂದು ಯಾರಾದರೂ ತಿದ್ದಿದರೆ ದಯವಿಟ್ಟು ಒಪ್ಪಬೇಡಿ.

ಅರ್ಥವನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದರ ನಂತರ ಬರುವ ಉಪಪದ. ‘ಫ್ರಮ್’ ಬಂದರೆ ಹೊರಟ ಎತ್ತರವನ್ನೋ ಪೂರ್ವಜರನ್ನೋ ಸೂಚಿಸುತ್ತದೆ. ‘ಇಂಟು’ ಬಂದರೆ ಕಣಿವೆಗೋ ಗಣಿಗೋ ಇಳಿದದ್ದಾಗಬಹುದು, ಇಲ್ಲವೇ ದೇಶವೊಂದು ಅರಾಜಕತೆಗೆ ಜಾರಿದ್ದಾಗಬಹುದು. ‘ಆನ್’ ಅಥವಾ ‘ಅಪಾನ್’ ಬಂದರೆ ಮೇಲಿನಿಂದ ಬಂದು ಕವಿಯುವ ಅಥವಾ ಎರಗುವ ಅರ್ಥ. ಸೈನ್ಯಕ್ಕೂ ಮಿಡತೆಗಳ ಹಿಂಡಿಗೂ ಇದೇ ರೂಪ. ಹೇಳದೆ ಕೇಳದೆ ಬಂದಿಳಿಯುವ ನೆಂಟರ ದಂಡಿಗೂ ಇಂಗ್ಲಿಷರು ಇದನ್ನೇ ತಮಾಷೆಯಾಗಿ ಬಳಸುತ್ತಾರೆ. ಸೈನ್ಯದ ವಾಕ್ಯದಲ್ಲಿ ‘ಮುಗಿಬಿದ್ದಿತು’ ಎಂದೂ ಮೌನದ ವಾಕ್ಯದಲ್ಲಿ ‘ಕವಿಯಿತು’ ಎಂದೂ ಬರೆದರೆ ಸರಿಹೋಗುತ್ತದೆ. ‘ಮೌನ ಇಳಿಯಿತು’ ಎಂಬ ಪ್ರಯೋಗ ಇತ್ತೀಚಿನ ಕವಿತೆಗಳಲ್ಲಿ ಕಾಣುತ್ತದೆ, ಆದರೆ ‘ಇಳಿ’ಗೆ ಕಡಿಮೆಯಾಗುವ ಅರ್ಥವೂ ಇರುವುದರಿಂದ ಓದುಗ ಒಂದು ಕ್ಷಣ ಮೌನವೇ ಕರಗಿತೆಂದು ತಿಳಿಯುವ ಸಂಭವವಿದೆ.

ಉಚ್ಚಾರಣೆಯ ಬಗ್ಗೆಯೂ ಎಚ್ಚರ ಬೇಕು. ಭಿನ್ನಮತ ಎಂಬ ಅರ್ಥದ, ಎರಡು ಎಸ್ ಅಕ್ಷರಗಳುಳ್ಳ ‘ಡಿಸೆಂಟ್’ ಮತ್ತು ನಮ್ಮ ಈ ಎಸ್-ಸಿ ಅಕ್ಷರಗಳ ‘ಡಿಸೆಂಟ್’ ಕಿವಿಗೆ ಒಂದೇ. ಸಭ್ಯ ಎಂಬ ಅರ್ಥದ ‘ಡೀಸೆಂಟ್’ ಮಾತ್ರ ಬೇರೆ, ಅದರಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಕನ್ನಡ ಲಿಪಿಯಲ್ಲಿ ಬರೆಯುವಾಗ ಮೊದಲೆರಡನ್ನು ಬೇರ್ಪಡಿಸುವ ದಾರಿಯೇ ಇಲ್ಲ, ಸಂದರ್ಭವೇ ಗತಿ.

ಗಗನವೀಕ್ಷಕ

ಈ ಪದದ ಮೇಲೆ ಜೀವಗಳು ನಿಂತಿರುವ ಒಂದು ಕ್ಷೇತ್ರವಿದೆ: ವಿಮಾನಯಾನ. ಅಲ್ಲಿ ‘ಡಿಸೆಂಡ್’ ಎಂಬುದು ವರ್ಣನೆಯಲ್ಲ, ಆಜ್ಞೆ. ನೆಲದ ಮೇಲಿನ ನಿಯಂತ್ರಕ ಆ ಪದವನ್ನು ಉಚ್ಚರಿಸಿ ಒಂದು ಎತ್ತರವನ್ನು ಹೇಳುತ್ತಾನೆ, ಪೈಲಟ್ ಅದನ್ನು ಮರುನುಡಿಯುತ್ತಾನೆ, ಆಮೇಲಷ್ಟೇ ಎತ್ತರ ಬದಲಾಗುತ್ತದೆ.

1989ರ ಫೆಬ್ರವರಿ 19ರಂದು ಸಿಂಗಪುರದಿಂದ ಕೌಲಾಲಂಪುರಕ್ಕೆ ಹೊರಟಿದ್ದ ‘ಫ್ಲೈಯಿಂಗ್ ಟೈಗರ್ 66’ ಎಂಬ ಸರಕು ವಿಮಾನಕ್ಕೆ, ಒಂದು ಬೋಯಿಂಗ್ 747ಕ್ಕೆ, 2,400 ಅಡಿಗೆ ಇಳಿಯಲು ಅನುಮತಿ ದೊರೆಯಿತು. ನಿಯಂತ್ರಕ ಹೇಳಿದ್ದು ‘ಡಿಸೆಂಡ್ ಟೂ ಫೋರ್ ಝೀರೋ ಝೀರೋ’. ಇಂಗ್ಲಿಷಿನಲ್ಲಿ ಎರಡು ಎಂಬ ಸಂಖ್ಯೆಯೂ ಕನ್ನಡದ ‘-ಕ್ಕೆ’ ಪ್ರತ್ಯಯಕ್ಕೆ ಸಮನಾದ ಉಪಪದವೂ ಕಿವಿಗೆ ಒಂದೇ ಆದ್ದರಿಂದ, ಪೈಲಟ್‌ಗಳು ಅದನ್ನು ‘400ಕ್ಕೆ ಇಳಿಯಿರಿ’ ಎಂದು ಗ್ರಹಿಸಿದರು. ಅವರು ‘ಫೋರ್ ಝೀರೋ ಝೀರೋ’ ಎಂದು ಮರುನುಡಿದಾಗ ಅದನ್ನು ತಿದ್ದಬೇಕಾಗಿದ್ದ ಘಟ್ಟ ಹಾಗೆಯೇ ಕಳೆದುಹೋಯಿತು. ವಿಮಾನದ ಎಚ್ಚರಿಕೆ ಯಂತ್ರ ಕೂಗಿಕೊಂಡರೂ ಅವರು ಇಳಿಯುತ್ತಲೇ ಹೋದರು. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಸತ್ತರು. ಎತ್ತರದ ಅಂಕಿಗೆ ಮುಂಚೆ ‘ಆಲ್ಟಿಟ್ಯೂಡ್’ ಅಥವಾ ‘ಫ್ಲೈಟ್ ಲೆವೆಲ್’ ಎಂಬ ಪದವನ್ನು ಅಡ್ಡವಿಟ್ಟು, ಉಪಪದ ಮತ್ತು ಅಂಕಿ ಅಕ್ಕಪಕ್ಕ ಬಾರದಂತೆ ನೋಡಿಕೊಳ್ಳುವುದರ ಮಹತ್ವ ಈ ಘಟನೆಯಿಂದ ತಿಳಿಯುತ್ತದೆ. ಕನ್ನಡದಂತೆ ವಿಭಕ್ತಿಯನ್ನು ಅಂಕಿಯ ಬಾಲಕ್ಕೆ ಅಂಟಿಸುವ ಭಾಷೆಯಲ್ಲಿ ಈ ಬಗೆಯ ಗೊಂದಲ ಹುಟ್ಟುವುದೇ ಇಲ್ಲ ಎಂಬುದು ನನಗೆ ಆಗಾಗ ಹೊಳೆಯುವ ವಿಷಯ.

ಅನುವಾದಕಿಯವರು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ‘ವಿಮಾನ ಇಳಿಯಿತು’ ಎಂದರೆ ಕನ್ನಡದಲ್ಲಿ ಅದು ನೆಲ ಮುಟ್ಟಿ ನಿಂತಿತು ಎಂದೇ ಅರ್ಥ. ಇಂಗ್ಲಿಷಿನಲ್ಲಿ ‘ಡಿಸೆಂಟ್’ ಮತ್ತು ‘ಲ್ಯಾಂಡಿಂಗ್’ ಬೇರೆ ಬೇರೆ. ಸಾಮಾನ್ಯವಾಗಿ ವಿಮಾನಗಳು 3 ಡಿಗ್ರಿ ಕೋನದಲ್ಲಿ ಇಳಿಯುವುದರಿಂದ, 1,000 ಅಡಿ ಎತ್ತರ ಕಳೆದುಕೊಳ್ಳಲು ಸುಮಾರು 3 ನಾಟಿಕಲ್ ಮೈಲು ದೂರ ಬೇಕೆಂಬುದು ಪೈಲಟ್‌ಗಳ ಬಾಯಿಲೆಕ್ಕ. ಅದರಂತೆ 35,000 ಅಡಿಯಲ್ಲಿರುವ ವಿಮಾನ ನಿಲ್ದಾಣಕ್ಕೆ 100 ನಾಟಿಕಲ್ ಮೈಲಿಗೂ ಹೆಚ್ಚು ದೂರವಿರುವಾಗಲೇ ಡಿಸೆಂಟ್ ಆರಂಭಿಸಿರುತ್ತದೆ. ಅಂಥ ವಾಕ್ಯವನ್ನು ‘ವಿಮಾನ ಇಳಿಯಿತು’ ಎಂದು ಅನುವಾದಿಸಿದರೆ ಓದುಗ ವಿಮಾನವನ್ನು ಅರ್ಧ ಗಂಟೆ ಮುಂಚೆಯೇ ನೆಲಕ್ಕೆ ಮುಟ್ಟಿಸಿಬಿಡುತ್ತಾನೆ. ‘ಕೆಳಗಿಳಿಯತೊಡಗಿತು’ ಅಥವಾ ‘ಎತ್ತರ ತಗ್ಗಿಸಿತು’ ಎನ್ನುವುದು ಸುರಕ್ಷಿತ.

ಅನುವಾದಕಿ

ಇವರೆಲ್ಲರ ವಿವರಣೆಯಿಂದ ಚಲನೆಯ ಅರ್ಥ ಸ್ಪಷ್ಟವಾಯಿತು. ನನಗೆ ಹೆಚ್ಚು ತೊಡಕಾಗಿರುವುದು ವಂಶದ ಅರ್ಥ. ಡಾರ್ವಿನ್ 1871ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿ ಮನುಷ್ಯನ ‘ಡಿಸೆಂಟ್’ ಎಂದಿದೆ. ಅದನ್ನು ‘ಮಾನವನ ಅವನತಿ’ ಎಂದು ಯಾರೋ ಕರೆದಿದ್ದನ್ನು ಓದಿದ್ದೇನೆ. ‘ಮಾನವನ ಅವರೋಹಣ’ ಎಂದು ಸೂಚಿಸಿದವರೂ ಇದ್ದಾರೆ. ಎರಡೂ ಹಿತವೆನಿಸಲಿಲ್ಲ.

ಜೀವವಿಜ್ಞಾನದ ಓದುಗ

ಹಿತವೆನಿಸದಿದ್ದುದು ಸರಿಯೇ. ‘ಅವನತಿ’ಯಂತೂ ಗ್ರಂಥದ ವಾದಕ್ಕೆ ನೇರ ವಿರುದ್ಧ. ಮನುಷ್ಯ ಒಂದು ಉನ್ನತ ಸ್ಥಿತಿಯಿಂದ ಕೆಳಕ್ಕೆ ಬಿದ್ದ ಎಂದು ಡಾರ್ವಿನ್ ಹೇಳಲಿಲ್ಲ. ಮನುಷ್ಯನೂ ಇತರ ಪ್ರಾಣಿಗಳಂತೆ ಹಿಂದಿನ ಜೀವರೂಪಗಳಿಂದ ತಲೆಮಾರು ತಲೆಮಾರಾಗಿ ಬಂದವನು ಎಂದಷ್ಟೇ ಹೇಳಿದ. 1859ರಲ್ಲಿ ಬಂದ ಅವನ ಮೊದಲಿನ ಪ್ರಸಿದ್ಧ ಗ್ರಂಥದಲ್ಲಿಯೂ ಅವನು ನೆಚ್ಚಿಕೊಂಡ ಪದಪುಂಜ ‘ಡಿಸೆಂಟ್ ವಿತ್ ಮಾಡಿಫಿಕೇಶನ್’. ಇಂದು ಎಲ್ಲರ ಬಾಯಲ್ಲಿರುವ ‘ಎವಲ್ಯೂಶನ್’ ಎಂಬ ನಾಮಪದ ಆ ಗ್ರಂಥದ ಮೊದಲ ಆವೃತ್ತಿಯಲ್ಲಿ ಇರಲಿಲ್ಲ, ‘ಎವಾಲ್ವ್ಡ್’ ಎಂಬ ರೂಪ ಮಾತ್ರ ಕಟ್ಟಕಡೆಯ ಪದವಾಗಿ ಬರುತ್ತದೆ. ‘ಎವಲ್ಯೂಶನ್’ ಪದಕ್ಕೆ ಆಗ ಅಡಗಿದ್ದದ್ದು ಸುರುಳಿ ಬಿಚ್ಚಿಕೊಳ್ಳುವುದು ಎಂಬ ಛಾಯೆ ಇತ್ತು. ‘ಡಿಸೆಂಟ್’ಗಾದರೋ ಮುಂದೇನಾಗಬೇಕೆಂಬ ಗುರಿಯಿಲ್ಲ, ಯಾರಿಂದ ಯಾರು ಬಂದರು ಎಂಬ ನಂಟನ್ನು ಮಾತ್ರ ಅದು ಹೇಳುತ್ತದೆ. ಆ ದೃಷ್ಟಿಯಿಂದ ಅದೇ ಹೆಚ್ಚು ಪ್ರಾಮಾಣಿಕ ಪದವೆಂದು ನನ್ನ ಅನಿಸಿಕೆ.

ಇಲ್ಲಿ ‘ಕೆಳಕ್ಕೆ’ ಎಂಬುದು ಎಲ್ಲಿಂದ ಬಂತೆಂದರೆ, ವಂಶಾವಳಿಯ ಪಟದಲ್ಲಿ ಮೂಲಪುರುಷನನ್ನು ಮೇಲೆ ಬರೆದು ಮಕ್ಕಳು ಮೊಮ್ಮಕ್ಕಳನ್ನು ಅವನ ಕೆಳಗೆ ಬರೆಯುವ ಕ್ರಮವನ್ನು ನೆನೆದರೆ ತಿಳಿಯುತ್ತದೆ. ಅದು ಹಾಳೆಯ ಮೇಲಿನ ಕೆಳಗು, ಯೋಗ್ಯತೆಯ ಕೆಳಗಲ್ಲ. ಕನ್ನಡಕ್ಕೂ ಈ ಕಲ್ಪನೆ ತೀರ ಅಪರಿಚಿತವಲ್ಲ ಎಂಬುದನ್ನು ಗಮನಿಸಿ: ಆಸ್ತಿ, ಕಥೆ, ವಿದ್ಯೆ, ರೋಗ ಇವು ಹಿರಿಯರಿಂದ ‘ಇಳಿದುಬಂದವು’ ಎನ್ನುತ್ತೇವೆ. ಆದರೆ ಮನುಷ್ಯರು ಹಿರಿಯರಿಂದ ‘ಇಳಿದುಬಂದರು’ ಎನ್ನುವುದಿಲ್ಲ. ಕನ್ನಡದಲ್ಲಿ ಇಳಿದುಬರುವುದು ಕೈ ಬದಲಾಯಿಸುವ ವಸ್ತು. ಮನುಷ್ಯರಾದರೆ ಒಂದು ವಂಶಕ್ಕೆ ‘ಸೇರಿದವರು’, ಒಂದು ಕುಲದಲ್ಲಿ ‘ಹುಟ್ಟಿದವರು’. ಆದ್ದರಿಂದ ಗ್ರಂಥದ ಹೆಸರನ್ನು ‘ಮಾನವನ ವಂಶಮೂಲ’ ಎಂದೂ, ರಾಜಮನೆತನದ ವಾಕ್ಯವನ್ನು ‘ಆ ಸೇನಾಪತಿಯ ವಂಶಕ್ಕೆ ಸೇರಿದ್ದು’ ಎಂದೂ, ‘ಕಾಮನ್ ಡಿಸೆಂಟ್’ ಎಂಬುದನ್ನು ‘ಒಂದೇ ಪೂರ್ವಜರಿಂದ ಬಂದದ್ದು’ ಎಂದೂ ಬಿಡಿಸಿ ಬರೆಯುವುದನ್ನೇ ನಾನು ಆರಿಸುತ್ತೇನೆ.

ನಿಘಂಟುಪ್ರಿಯ

‘ಅವನತಿ’ಯನ್ನು ತಳ್ಳಿಹಾಕಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ‘ಅವರೋಹಣ’ದ ಪರವಾಗಿ ಮಾತ್ರ ಒಂದು ಮಾತು ಹೇಳದಿರಲಾರೆ. ಸಂಸ್ಕೃತದಲ್ಲಿ ‘ರುಹ್’ ಧಾತುವಿಗೆ ಹತ್ತು, ಬೆಳೆ ಎಂಬ ಅರ್ಥಗಳಿವೆ. ‘ಅವ’ ಎಂದರೆ ಕೆಳಕ್ಕೆ. ಹೀಗೆ ‘ಅವರೋಹಣ’ವು ರಚನೆಯಲ್ಲಿ ಲ್ಯಾಟಿನ್ ಪದದ ಪಡಿಯಚ್ಚು. ಅದು ಕೈಬಿಡಬೇಕಾದ ಪದವಲ್ಲ, ಅದಕ್ಕೆ ತಕ್ಕ ಜಾಗದಲ್ಲಿ ಇಡಬೇಕಾದ ಪದ: ಸಂಗೀತದಲ್ಲಿ ಮೇಲಿನ ಷಡ್ಜದಿಂದ ಸ್ವರಗಳು ಕೆಳಗೆ ಬರುವುದಕ್ಕೂ ಪರ್ವತದಿಂದ ಮರಳುವುದಕ್ಕೂ ಅದು ಒಪ್ಪುತ್ತದೆ. ಗಣಿತದಲ್ಲಿ ಶಾಲೆಯ ಮಕ್ಕಳೂ ಬಲ್ಲ ‘ಇಳಿಕೆ ಕ್ರಮ’ ಇರುವಾಗ ಸಂಸ್ಕೃತ ಬೇಕಿಲ್ಲ. ಖಗೋಳದಲ್ಲಿಯಂತೂ ನಮಗೆ ಹಳೆಯ ಹೆಸರೇ ಇದೆ. ಚಂದ್ರನು ಕ್ರಾಂತಿವೃತ್ತವನ್ನು, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವಂತೆ ತೋರುವ ದಾರಿಯನ್ನು, ಉತ್ತರದಿಂದ ದಕ್ಷಿಣಕ್ಕೆ ದಾಟುವ ‘ಡಿಸೆಂಡಿಂಗ್ ನೋಡ್’ ಎಂಬ ಬಿಂದುವೇ ಕೇತು, ಅದರ ಎದುರಿನದು ರಾಹು.

‘ಅವತಾರ’ವನ್ನು ಇಂಗ್ಲಿಷರು ‘ಡಿಸೆಂಟ್’ ಎಂದು ವಿವರಿಸುವುದುಂಟು, ಏಕೆಂದರೆ ಅದರ ಮೂಲಾರ್ಥವೂ ಕೆಳಕ್ಕೆ ದಾಟಿಬರುವುದೇ. ಹಾಗೆಂದು ಪ್ರತಿಯೊಂದು ‘ಡಿಸೆಂಟ್’ಗೂ ‘ಅವತರಣ’ ಎಂದು ಬರೆದರೆ ಗಣಿಗೆ ಇಳಿದ ಕಾರ್ಮಿಕರೂ ದೇವರಾಗುತ್ತಾರೆ.

ಕಾನೂನು ವಿದ್ಯಾರ್ಥಿ

ವಂಶದ ಅರ್ಥ ಕಾನೂನಿನಲ್ಲಿ ಎಷ್ಟು ಅಕ್ಷರಶಃ ನಡೆಯುತ್ತಿತ್ತು ಎಂಬುದಕ್ಕೆ ಇಂಗ್ಲೆಂಡಿನ ಹಳೆಯ ಉತ್ತರಾಧಿಕಾರ ನಿಯಮ ಒಳ್ಳೆಯ ಉದಾಹರಣೆ. ಭೂಮಿಯು ನೇರ ವಂಶದಲ್ಲಿ ಕೆಳಕ್ಕೆ ಇಳಿಯಬಹುದೇ ಹೊರತು ಎಂದೂ ಮೇಲಕ್ಕೆ ಏರಲಾರದು ಎಂಬುದು ಅಲ್ಲಿನ ಸೂತ್ರ. ಮಕ್ಕಳಿಲ್ಲದ ಮಗ ತೀರಿಕೊಂಡರೆ ಅವನ ಭೂಮಿ ಬದುಕಿರುವ ತಂದೆಗೆ ಹೋಗುತ್ತಿರಲಿಲ್ಲ. ಅಣ್ಣತಮ್ಮಂದಿರನ್ನೋ ದೂರದ ದಾಯಾದಿಯನ್ನೋ ಹುಡುಕುತ್ತಿತ್ತು. ಪಾರ್ಲಿಮೆಂಟು 1833ರ ಉತ್ತರಾಧಿಕಾರ ಕಾಯ್ದೆಯ ಮೂಲಕ ಇದನ್ನು ಬದಲಾಯಿಸಿತು.

ಇದೇ ಪದ ಇಂದಿಗೂ ವಾಗ್ವಾದಕ್ಕೆ ಕಾರಣವಾಗಿದೆ. ವಿಶ್ವಸಂಸ್ಥೆ 1965ರಲ್ಲಿ ಅಂಗೀಕರಿಸಿದ ಜನಾಂಗೀಯ ತಾರತಮ್ಯ ನಿವಾರಣೆಯ ಒಡಂಬಡಿಕೆಯ ಮೊದಲ ವಿಧಿಯಲ್ಲಿ ಜನಾಂಗ, ಬಣ್ಣ ಇವುಗಳ ಜೊತೆಗೆ ‘ಡಿಸೆಂಟ್’ ಎಂಬುದೂ ಇದೆ. ಅದರಲ್ಲಿ ಜಾತಿಯೂ ಅಡಕವಾಗಿದೆ ಎಂದು ಒಡಂಬಡಿಕೆಯ ಸಮಿತಿ 2002ರಲ್ಲಿ ಅರ್ಥೈಸಿತು. ಭಾರತ ಸರ್ಕಾರ ಆ ಅರ್ಥವನ್ನು ಒಪ್ಪಲಿಲ್ಲ. ಭಾರತ ಸಂವಿಧಾನದ 16ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿ ‘ಕಾಸ್ಟ್’ ಮತ್ತು ‘ಡಿಸೆಂಟ್’ ಎರಡನ್ನೂ ಪ್ರತ್ಯೇಕವಾಗಿ ಹೆಸರಿಸಲಾಗಿದೆ ಎಂಬುದು ಇಲ್ಲಿ ಗಮನಾರ್ಹ. ಇಂಥ ಪಠ್ಯವನ್ನು ಅನುವಾದಿಸುವಾಗ ‘ಹುಟ್ಟು’ ಎಂಬುದು ಸಾಲದು, ಏಕೆಂದರೆ ಅದು ಹುಟ್ಟಿದ ಸ್ಥಳವನ್ನೂ ಒಳಗೊಳ್ಳಬಹುದು. ‘ವಂಶ’ ಎಂಬುದೇ ತಕ್ಕ ಪದ.

ಗಣಕಾಭ್ಯಾಸಿ

ನಿಘಂಟುಪ್ರಿಯರ ಮೊದಲ ಮಾತಿಗೆ ಒಂದು ಆಕ್ಷೇಪ. ಪ್ರಮಾಣ ಕಡಿಮೆಯಾಗುವುದಕ್ಕೆ ‘ಡಿಸೆಂಡ್’ ಸಲ್ಲದು ಎನ್ನುವುದಾದರೆ ‘ಗ್ರೇಡಿಯೆಂಟ್ ಡಿಸೆಂಟ್’ ಎಂಬ ವಿಧಾನದ ಗತಿಯೇನು? ಫ್ರೆಂಚ್ ಗಣಿತಜ್ಞ ಕೋಶಿ 1847ರಲ್ಲಿ ಸೂಚಿಸಿದ ಈ ವಿಧಾನ ಇಂದಿನ ಯಂತ್ರಕಲಿಕೆಯ ಬೆನ್ನೆಲುಬು. ಅಲ್ಲಿ ಕಡಿಮೆಯಾಗುವುದು ತಪ್ಪಿನ ಪ್ರಮಾಣ, ಅಂದರೆ ಬರೀ ಒಂದು ಸಂಖ್ಯೆ.

ನಿಘಂಟುಪ್ರಿಯ

ಒಳ್ಳೆಯ ಆಕ್ಷೇಪ, ಆದರೆ ಉದಾಹರಣೆ ನನ್ನ ಕಡೆಗೇ ವಾಲುತ್ತದೆ. ಆ ವಿಧಾನದಲ್ಲಿ ಸಂಖ್ಯೆಯನ್ನು ಸಂಖ್ಯೆಯಾಗಿ ನೋಡುವುದಿಲ್ಲ. ಉಬ್ಬುತಗ್ಗಿನ ಒಂದು ಮೇಲ್ಮೈಯನ್ನು ಕಲ್ಪಿಸಿಕೊಂಡು, ನಿಂತ ಜಾಗದಲ್ಲಿ ಅತಿ ಕಡಿದಾದ ಇಳಿಜಾರು ಯಾವ ಕಡೆಗಿದೆಯೆಂದು ನೋಡಿ, ಆ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಾರೆ. ಡಿಸೆಂಡ್ ಆಗುವುದು ಆ ಕಲ್ಪಿತ ನಡಿಗೆ. ತಪ್ಪಿನ ಪ್ರಮಾಣವನ್ನಷ್ಟೇ ಹೇಳಬೇಕಾದಾಗ ಅದೇ ಕ್ಷೇತ್ರದವರೂ ‘ಡಿಕ್ರೀಸ್’ ಎನ್ನುತ್ತಾರೆ.

ಇಂಗ್ಲಿಷ್ ಮೇಷ್ಟ್ರು

ನೈತಿಕ ಅರ್ಥ ಬಾಕಿ ಉಳಿಯಿತು. ವಾದ ಮಾಡುತ್ತಿದ್ದವನು ಬೈಗುಳಕ್ಕೆ ‘ಇಳಿದ’ ಎಂಬಲ್ಲಿ ಎರಡು ಭಾಷೆಗಳೂ ಒಂದೇ ದಾರಿಯಲ್ಲಿವೆ. ಆದರೆ ಕನ್ನಡದಲ್ಲಿ ಕಣಕ್ಕೂ ಇಳಿಯುತ್ತಾರೆ, ಹೋರಾಟಕ್ಕೂ ಇಳಿಯುತ್ತಾರೆ, ಕಾರ್ಯರೂಪಕ್ಕೂ ಇಳಿಸುತ್ತಾರೆ. ಅಲ್ಲಿ ಹೀನತೆಯ ಸೋಂಕಿಲ್ಲ. ಅದನ್ನು ಇಂಗ್ಲಿಷಿನಲ್ಲಿ ‘ಡಿಸೆಂಡ್’ ಎಂದರೆ ಹೋರಾಟಗಾರನನ್ನು ಹಂಗಿಸಿದಂತಾಗುತ್ತದೆ.

‘ಕಾಂಡಿಸೆಂಡ್’ ಪದದ ಕಥೆ ಇದಕ್ಕಿಂತ ವಿಚಿತ್ರ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಅದನ್ನು ದೊಡ್ಡವರು ತಮ್ಮ ಹಿರಿಮೆಯನ್ನು ತಾವಾಗಿ ಬದಿಗಿಟ್ಟು ಕಿರಿಯರೊಡನೆ ಸರಿಸಮನಾಗಿ ನಡೆದುಕೊಳ್ಳುವ ಗುಣವೆಂಬಂತೆ ವಿವರಿಸಿದ. ಇಂದು ಅದೇ ಪದಕ್ಕೆ ಮೇಲಿನಿಂದ ನೋಡಿ ಮಾತನಾಡುವ ದರ್ಪ ಎಂಬ ಅರ್ಥ. 18ನೆಯ ಶತಮಾನದ ಪತ್ರವೊಂದು ನಿಮ್ಮ ಕೈಗೆ ಬಂದರೆ, ಅದರಲ್ಲಿ ಒಬ್ಬಾಕೆಯನ್ನು ಹೀಗೆ ಹೊಗಳಿದ್ದರೆ, ‘ದರ್ಪ’ ಎಂದು ಅನುವಾದಿಸದೆ ‘ಸೌಜನ್ಯ’ ಎಂದೇ ಬರೆಯಿರಿ.

ಅನುವಾದಕಿ

ಕೊನೆಯದೊಂದು ಪ್ರಶ್ನೆ. ಅಪೊಲೊ ಯಾನದ ಲೇಖನದಲ್ಲಿ ‘ಡಿಸೆಂಟ್ ಸ್ಟೇಜ್’ ಎಂದಿದೆ. ಅದನ್ನು ‘ಇಳಿಯುವ ಹಂತ’ ಎಂದು ಬರೆದಿದ್ದೇನೆ. ಆದರೆ ಮುಂದಿನ ವಾಕ್ಯದಲ್ಲಿ ಆ ಹಂತ ಚಂದ್ರನ ಮೇಲೆಯೇ ಉಳಿಯಿತು ಎಂದು ಬರುತ್ತದೆ.

ಗಗನವೀಕ್ಷಕ

ಅಲ್ಲಿ ‘ಸ್ಟೇಜ್’ ಎಂದರೆ ಕಾಲದ ಹಂತವಲ್ಲ, ನೌಕೆಯ ಭಾಗ. ಚಂದ್ರನೌಕೆಯ ಕೆಳಭಾಗದಲ್ಲಿ ಇಳಿಯುವುದಕ್ಕೆ ಬೇಕಾದ ಎಂಜಿನ್ನೂ ಕಾಲುಗಳೂ ಇದ್ದವು. ಯಾತ್ರಿಗಳು ಮರಳಿದ್ದು ಮೇಲ್ಭಾಗದಲ್ಲಿ. ಕೆಳಭಾಗವೇ ಅವರಿಗೆ ಉಡಾವಣಾ ವೇದಿಕೆಯಾಗಿ ಚಂದ್ರನ ಮೇಲೆ ಉಳಿಯಿತು. ಆದ್ದರಿಂದ ಅದನ್ನು ‘ಇಳಿಕೆಯ ಭಾಗ’ ಎಂದು ಬರೆಯಿರಿ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ಕೈಗೊಂಡ ‘ಪವರ್ಡ್ ಡಿಸೆಂಟ್’ನ ಬಗ್ಗೆ ಓದುವಾಗ ಬರುವ ‘ಫೇಸ್’ಗಳು ಮಾತ್ರ ನಿಜವಾದ ಹಂತಗಳು: ಮೊದಲು ವೇಗವನ್ನು ಒರಟಾಗಿ ತಗ್ಗಿಸುವುದು, ಆಮೇಲೆ ನಾಜೂಕಾಗಿ ತಗ್ಗಿಸುವುದು, ಕಡೆಗೆ ನೇರವಾಗಿ ಕೆಳಗಿಳಿಯುವುದು. ಒಂದೇ ಲೇಖನದಲ್ಲಿ ಎರಡೂ ಬಂದರೆ ‘ಭಾಗ’ ಮತ್ತು ‘ಹಂತ’ಗಳನ್ನು ಆರಂಭದಿಂದಲೇ ಬೇರೆ ಬೇರೆಯಾಗಿ ಇಟ್ಟುಕೊಳ್ಳಿ.